ಮಠದ ದ್ವೀಪ ಮಾರಾಟಕ್ಕೆ ಬಿದ್ದ ಮೇಲೆ: ಹೆರೆನ್‌ಕೀಮ್ಸೇ ಹಿನ್ನೆಲೆ

ಜರ್ಮನಿಯ ಬವೇರಿಯಾದಲ್ಲಿ ಕೀಮ್ಸೇ ಅಂತ ಒಂದು ಸರೋವರ ಇದೆ. ಸುಮಾರು 80 ಚದರ ಕಿಲೋಮೀಟರ್ ನೀರು. ಅದರ ನಡುವಿನ ಹೆರೆನ್ ದ್ವೀಪಕ್ಕೆ (ಹೆರೆನ್‌ಕೀಮ್ಸೇ ಅಂದರೆ ಇದೇ ಜಾಗ) ಹೋಗುವ ಬಹುತೇಕ ಜನ ದೋಣಿಯಿಂದ ಇಳಿದವರೇ ಎರಡನೇ ಲುಡ್ವಿಗ್ ರಾಜನ ಅರಮನೆ ಕಡೆ ನಡೆಯುತ್ತಾರೆ. ಹತ್ತಿರದಲ್ಲೇ ಇರುವ ಹಳೇ ಮಠದ ಕಟ್ಟಡಕ್ಕೆ ಒಂದು ಗಂಟೆನಾದ್ರೂ ಕೊಡಬೇಕು, ಏಕೆಂದರೆ ದ್ವೀಪದ ನಿಜವಾದ ಕಥೆ ಇರುವುದು ಅಲ್ಲೇ.

8ನೇ ಶತಮಾನದಲ್ಲೇ ಇಲ್ಲಿ ಕ್ರೈಸ್ತ ಮಠ ಇತ್ತು. 12ನೇ ಶತಮಾನದಲ್ಲಿ ಅದು ಸಂತ ಅಗಸ್ಟೀನನ ನಿಯಮ ಪಾಲಿಸುವ ಅಗಸ್ಟೀನಿಯನ್ ಪಂಥದವರ ಕೈಗೆ ಬಂತು. ಮುಂದೆ ನೂರಾರು ವರ್ಷ ಇಡೀ ದ್ವೀಪ ಮಠದ್ದೇ.

ಎಲ್ಲ ತಲೆಕೆಳಗಾದದ್ದು 1803ರಲ್ಲಿ. ಫ್ರಾನ್ಸ್ ಜೊತೆಗಿನ ಯುದ್ಧಗಳಲ್ಲಿ ರೈನ್ ನದಿಯ ಪಶ್ಚಿಮದ ಜಾಗ ಕಳೆದುಕೊಂಡ ಜರ್ಮನ್ ಅರಸರಿಗೆ ಪರಿಹಾರ ಕೊಡಬೇಕಿತ್ತು, ಕೊಟ್ಟಿದ್ದು ಚರ್ಚ್ ಆಸ್ತಿಯನ್ನು. ಬವೇರಿಯಾದಲ್ಲಿ ಸಾಲುಸಾಲಾಗಿ ಮಠಗಳು ಮುಚ್ಚಿದವು. ಈ ದ್ವೀಪವೂ ಖಾಸಗಿಯವರಿಗೆ ಮಾರಾಟ ಆಯಿತು. ದೊಡ್ಡ ಚರ್ಚಿನ ಗೋಪುರಗಳನ್ನು ಕೆಡವಿ, ಒಳಗೆ ಬಿಯರ್ ತಯಾರಿಸುವ ಬ್ರೂವರಿ ಹಾಕಿದರು! ಪ್ರಾರ್ಥನೆ ನಡೆದ ಜಾಗಕ್ಕೆ ಈ ಗತಿ ಬಂದದ್ದು ಓದಿದರೆ ಈಗಲೂ ಸಂಕಟ ಆಗುತ್ತದೆ.

ಒಬ್ಬರಿಂದೊಬ್ಬರಿಗೆ ಕೈ ಬದಲಾಗುತ್ತಾ ಕೊನೆಗೆ ದ್ವೀಪ ಮರದ ವ್ಯಾಪಾರಿಗಳ ಪಾಲಾಯಿತು. ಅವರಿಗೆ ಬೇಕಿದ್ದದ್ದು ಕಾಡು, ಕಡಿದು ಮಾರೋಕೆ. ಸುತ್ತಲಿನ ಜನ ಗಲಾಟೆ ಎಬ್ಬಿಸಿದರು. 1873ರಲ್ಲಿ ಲುಡ್ವಿಗ್ 3,50,000 ಗುಲ್ಡನ್ (ಆಗಿನ ಅಲ್ಲಿನ ಹಣ) ಕೊಟ್ಟು ದ್ವೀಪ ಕೊಂಡ. ಅವನಿಗೆ ಫ್ರಾನ್ಸಿನ ವರ್ಸೇಲ್ಸ್ ಥರದ ಅರಮನೆ ಕಟ್ಟುವ ಹುಚ್ಚು ಇದ್ದದ್ದು ನಿಜ, ಆದರೂ ಆ ಮರಗಳು ಉಳಿದದ್ದಕ್ಕೆ ಊರವರ ಕೂಗಿಗೂ ಪಾಲು ಸಲ್ಲಬೇಕು ಅಂತ ನನ್ನ ಅಭಿಪ್ರಾಯ. 1878ರಲ್ಲಿ ಅರಮನೆ ಕೆಲಸ ಶುರುವಾಯಿತು. ಕೆಲಸ ನೋಡಲು ಬಂದಾಗ ರಾಜ ಉಳಿಯುತ್ತಿದ್ದದ್ದು ಹಳೇ ಮಠದಲ್ಲೇ. ಹೊಸ ಅರಮನೆಯಲ್ಲಿ ಅವನು ಇದ್ದದ್ದು ಕೆಲವೇ ದಿನ. 1886ರಲ್ಲಿ ಅವನು ತೀರಿಕೊಂಡ, ಅರಮನೆ ಅರ್ಧಕ್ಕೇ ನಿಂತಿತು. ಒಂದು ಮಹಡಿ ಮೆಟ್ಟಿಲ ಗೋಡೆಗಳಿಗೆ ಗಾರೆ ಕೂಡ ಬಿದ್ದಿಲ್ಲ, ಬರೀ ಇಟ್ಟಿಗೆ.

ಆಮೇಲಿನ ದೊಡ್ಡ ಘಟನೆಯೂ ನಡೆದದ್ದು ಮಠದ ಕಟ್ಟಡದಲ್ಲೇ. 1948ರ ಆಗಸ್ಟ್ 10ರಿಂದ 23ರವರೆಗೆ ಪಶ್ಚಿಮ ಜರ್ಮನಿಯ ರಾಜ್ಯಗಳು ಕಳಿಸಿದ ತಜ್ಞರು ಇಲ್ಲಿ ಕೂತು ಹೊಸ ಸಂವಿಧಾನದ ಕರಡು ಬರೆದರು. ರಾಜ್ಯ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ರಾಜ್ಯಕ್ಕಾಗಿ ಅಲ್ಲ: ಕರಡಿನ ಮೊದಲ ಮಾತೇ ಇದು. ಹಿಟ್ಲರನ ಕಾಲ ಕಂಡು ಬಂದವರು ಬರೆದದ್ದು, ಅಲ್ವಾ? ಪ್ರಜಾಪ್ರಭುತ್ವದ ಬುಡವನ್ನೇ ಕೀಳುವ ತಿದ್ದುಪಡಿ ಮಾಡುವಂತಿಲ್ಲ ಅಂತಲೂ ಅದರಲ್ಲಿ ಇತ್ತು. 1949ರ ಜರ್ಮನ್ ಸಂವಿಧಾನದ 79ನೇ ವಿಧಿಯಲ್ಲಿ ಇಂಥದೇ ತಡೆ ಇದೆ.

ಈ ವಿಚಾರ ನಮ್ಮವರೆಗೂ ಬಂದಿದೆ. ಜರ್ಮನ್ ವಿದ್ವಾಂಸ ಡೀಟರ್ ಕಾನ್ರಾಡ್ 1965ರಲ್ಲಿ ಬನಾರಸ್‌ನಲ್ಲಿ ಇದರ ಬಗ್ಗೆ ಉಪನ್ಯಾಸ ಕೊಟ್ಟರು. 1973ರ ಕೇಶವಾನಂದ ಭಾರತಿ ತೀರ್ಪಿನಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಕಾನ್ರಾಡ್ ಅವರ ಮಾತನ್ನು ಉಲ್ಲೇಖಿಸಿದ್ದಾರೆ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಅಂದ ತೀರ್ಪು ಅದು. ಆ ಕೇಸು ಹಾಕಿದವರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ಅವರ ತಕರಾರೂ ಮಠದ ಜಮೀನಿನದ್ದೇ.