ಟೋಪಾಲಜಿ ಓದದೆ ಕೆ-ಥಿಯರಿ ಕಲಿಯಬಹುದೇ?

ಗದಗಿನ ಓದುಗರೊಬ್ಬರ ಪ್ರಶ್ನೆ: "ಧಾರವಾಡದಲ್ಲಿ ಗಣಿತ ಎಂ.ಎಸ್ಸಿ. ಮುಗಿಸಿದ್ದೇನೆ. ಫಂಕ್ಷನಲ್ ಅನಾಲಿಸಿಸ್ ಇಷ್ಟದ ವಿಷಯ. ಆಪರೇಟರ್ ಆಲ್ಜೀಬ್ರಾಗಳ ಕೆ-ಥಿಯರಿ ಕಲಿಯುವ ಆಸೆಯಿದೆ. ಆದರೆ ಮೊದಲು ಟೋಪಾಲಜಿ, ವೆಕ್ಟರ್ ಬಂಡಲ್ ಎಲ್ಲ ಓದಿರಲೇಬೇಕು ಎನ್ನುತ್ತಾರೆ. ನಿಜವೇ?"

ಇಲ್ಲ. ಈ ಪ್ರಶ್ನೆ ಕೇಳುವವರನ್ನು ಯಾರೋ ಆಗಲೇ ಹೆದರಿಸಿ ಕಳುಹಿಸಿರುತ್ತಾರೆ. ಹೆದರಿಕೆಯ ಬೇರು ಇರುವುದು ಚರಿತ್ರೆಯಲ್ಲಿ. ಕೆ-ಥಿಯರಿ ಎಂದರೆ ಗಣಿತದ ವಸ್ತುಗಳನ್ನು ವರ್ಗಗಳಾಗಿ ವಿಂಗಡಿಸಿ ಕೂಡಿ ಕಳೆಯುವ ಲೆಕ್ಕ. 1957ರಲ್ಲಿ ಗಣಿತಜ್ಞ ಗ್ರೋಥೆಂಡೀಕ್ ಅದನ್ನು ಕಟ್ಟಿದ್ದು ಬೀಜಗಣಿತೀಯ ಜ್ಯಾಮಿತಿಗಾಗಿ. 'ಕೆ' ಎಂದರೆ ಜರ್ಮನ್ನಿನ 'ಕ್ಲಾಸೆ', ವರ್ಗ. ಅಟಿಯಾ ಮತ್ತು ಹಿರ್ಜೆಬ್ರುಕ್ ಅದನ್ನು ಟೋಪಾಲಜಿಗೆ ತಂದರು. ಆಪರೇಟರ್‌ಗಳ ಮನೆಯಲ್ಲಿ ಅದು ಬೇರೂರಿದ್ದು 1970ರ ದಶಕದಲ್ಲಿ. ವಿಷಯ ಹುಟ್ಟಿದ ಕ್ರಮದಲ್ಲೇ ಅದನ್ನು ಕಲಿಯಬೇಕೆಂಬ ಕಟ್ಟಳೆಯೇನೂ ಇಲ್ಲ.

ನಿಮಗೆ ಬೇಕಾದ ಮೂಲವಸ್ತು ಪ್ರೊಜೆಕ್ಷನ್: ತನ್ನಿಂದಲೇ ಗುಣಿಸಿದರೂ ತಾನಾಗಿಯೇ ಉಳಿಯುವ, ತನ್ನ ಅಡ್‌ಜಾಯಿಂಟ್ ತಾನೇ ಆಗಿರುವ ಆಪರೇಟರ್. ಒಂದು ಸಿ-ಸ್ಟಾರ್ ಆಲ್ಜೀಬ್ರಾ (ಕೂಡಿದರೂ ಗುಣಿಸಿದರೂ ಅಡ್‌ಜಾಯಿಂಟ್ ತೆಗೆದರೂ ಮಿತಿಗೆ ಹೋದರೂ ತನ್ನೊಳಗೇ ಉಳಿಯುವ ಆಪರೇಟರ್‌ಗಳ ಕೂಟ) ತೆಗೆದುಕೊಳ್ಳಿ; ಅದರ ಅಂಶಗಳನ್ನೇ ತುಂಬಿದ ಚೌಕ ಮ್ಯಾಟ್ರಿಕ್ಸ್‌ಗಳಲ್ಲಿ, ಅವು ಎಷ್ಟೇ ದೊಡ್ಡವಿರಲಿ, ಪ್ರೊಜೆಕ್ಷನ್‌ಗಳನ್ನು ಹುಡುಕಿ. ಆಲ್ಜೀಬ್ರಾದ ಒಳಗಿನದೇ ಪಾರ್ಷಿಯಲ್ ಐಸೊಮೆಟ್ರಿಯೊಂದು (ಒಂದು ಭಾಗದ ಮೇಲೆ ಉದ್ದ ಕೆಡಿಸದೆ, ಉಳಿದದ್ದನ್ನು ಸೊನ್ನೆ ಮಾಡುವ ಆಪರೇಟರ್) ಒಂದನ್ನು ಇನ್ನೊಂದಕ್ಕೆ ಒಯ್ದರೆ ಎರಡೂ ಒಂದೇ ಎಂದು ಎಣಿಸಿ. ಕೂಡುವುದು ಸುಲಭ, ಕರ್ಣದ ಮೇಲೆ ಒಂದರ ಕೆಳಗೆ ಒಂದನ್ನು ಇಟ್ಟರಾಯಿತು. ಕಳೆಯುವುದು ಹೇಗೆ?

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲರ ಖಾತೆ ಪುಸ್ತಕ ನೋಡಿದವರಿಗೆ ಇದು ಹೊಸದಲ್ಲ. ಪ್ರತಿ ಖಾತೆಯಲ್ಲೂ ಎರಡು ಅಂಕಣ, ಜಮೆ ಮತ್ತು ಖರ್ಚು. ಏಳು ಜಮೆ, ಐದು ಖರ್ಚು ಇರುವ ಖಾತೆಯೂ ಹನ್ನೆರಡು ಜಮೆ, ಹತ್ತು ಖರ್ಚು ಇರುವ ಖಾತೆಯೂ ಒಂದೇ ಬಾಕಿ ತೋರಿಸುತ್ತವೆ. ಪ್ರೊಜೆಕ್ಷನ್‌ಗಳಿಗೂ ಇಂಥ ಜೋಡಿ ಖಾತೆ ತೆರೆದರೆ ಸಿಗುವ ಗ್ರೂಪ್ ಕೆ-ಸೊನ್ನೆ. ಎರಡು ಖಾತೆ ಸಮವೇ ಎಂದು ನೋಡುವಾಗ ಎರಡೂ ಬದಿಗೆ ಒಂದೇ ಮೊತ್ತ ಸೇರಿಸಿ ನೋಡುವ ಅವಕಾಶವೂ ಇದೆ. ಈ ಸಣ್ಣ ಸಡಿಲಿಕೆಯನ್ನು ವಿದ್ಯಾರ್ಥಿಗಳು ಓದಿ ಮುಂದೆ ಹೋಗಿಬಿಡುತ್ತಾರೆ, ಆಮೇಲೆ ಅಲ್ಲೇ ಎಡವುತ್ತಾರೆ.

ಮ್ಯಾಟ್ರಿಕ್ಸ್ ಆಲ್ಜೀಬ್ರಾದಲ್ಲಿ ಪ್ರೊಜೆಕ್ಷನ್‌ನ ಗುರುತು ಅದರ ರ್‍ಯಾಂಕ್ ಮಾತ್ರ. ಹಾಗಾಗಿ ಕೆ-ಸೊನ್ನೆ ಎಂದರೆ ಪೂರ್ಣಾಂಕಗಳು. ಈಗ ಅನಂತ ಆಯಾಮದ ಹಿಲ್ಬರ್ಟ್ ಸ್ಪೇಸ್‌ನ ಎಲ್ಲ ಬೌಂಡೆಡ್ ಆಪರೇಟರ್‌ಗಳನ್ನು ತೆಗೆದುಕೊಳ್ಳಿ. ಎಂದೂ ಮುಗಿಯದ ಗೋದಾಮಿಗೆ ಒಂದು ಮೂಟೆ ಸೇರಿಸಿದರೆ ಗೋದಾಮು ಇದ್ದಂತೆಯೇ ಇರುತ್ತದೆ. ಮೇಲಿನ ಸಡಿಲಿಕೆಯ ಪ್ರಕಾರ ಮೂಟೆಯ ಬೆಲೆ ಸೊನ್ನೆ! ಒಂದಕ್ಕಲ್ಲ, ಎಲ್ಲ ಮೂಟೆಗಳಿಗೂ ಇದೇ ಗತಿ. ಆದ್ದರಿಂದ ಇಲ್ಲಿ ಕೆ-ಸೊನ್ನೆ ಪೂರ್ತಿ ಸೊನ್ನೆ. ಯುನಿಟರಿಗಳಿಂದ (ಅಡ್‌ಜಾಯಿಂಟೇ ವಿಲೋಮವಾಗಿರುವ ಅಂಶಗಳಿಂದ) ಕಟ್ಟುವ ಜೊತೆ ಗ್ರೂಪ್ ಕೆ-ಒಂದೂ ಸೊನ್ನೆ. ಒಳಗಿರುವ ಕಾಂಪ್ಯಾಕ್ಟ್ ಆಪರೇಟರ್‌ಗಳ ಕೆ-ಸೊನ್ನೆ ಮಾತ್ರ ಮತ್ತೆ ಪೂರ್ಣಾಂಕಗಳೇ. (ಅಲ್ಲಿ ಯುನಿಟ್ ಇಲ್ಲದ್ದರಿಂದ ಹೊರಗಿನಿಂದ ಒಂದನ್ನು ಅಂಟಿಸಿಕೊಳ್ಳಬೇಕು. ಆ ತಾಪತ್ರಯ ಈಗ ಬೇಡ.)

ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ಕಾಯುವ ಸಾಲಿಗೆ ಕೊನೆಯೇ ಇಲ್ಲ ಎಂದುಕೊಳ್ಳಿ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರೆ ಯಾರೂ ಸಾಲು ತಪ್ಪುವುದಿಲ್ಲ, ಮೊದಲ ಜಾಗ ಮಾತ್ರ ಖಾಲಿ. ಇದೇ ಶಿಫ್ಟ್ ಆಪರೇಟರ್. ಕಳೆದುಹೋದವರ ಎಣಿಕೆಯಿಂದ ಖಾಲಿ ಜಾಗಗಳ ಎಣಿಕೆ ಕಳೆದರೆ ಸಿಗುವುದು ಇಂಡೆಕ್ಸ್; ಇಲ್ಲಿ ಅದು ಮೈನಸ್ ಒಂದು. ಕಾಂಪ್ಯಾಕ್ಟ್‌ಗಳನ್ನು ಸೊನ್ನೆ ಎಂದು ಬಗೆದರೆ ಉಳಿಯುವ ಕಾಲ್ಕಿನ್ ಆಲ್ಜೀಬ್ರಾದಲ್ಲಿ ಇದು ಯುನಿಟರಿಯಾಗುತ್ತದೆ. ಕಾಂಪ್ಯಾಕ್ಟ್, ಬೌಂಡೆಡ್, ಕಾಲ್ಕಿನ್ ಮೂರರ ಕೆ-ಗ್ರೂಪ್‌ಗಳನ್ನು ಸರಪಳಿಯಾಗಿ ಜೋಡಿಸುವ ಆರು ಪದಗಳ ಎಕ್ಸಾಕ್ಟ್ ಸೀಕ್ವೆನ್ಸ್ ಬರೆದು, ಬೌಂಡೆಡ್‌ಗಳಿಂದ ಬರುವ ಎರಡು ಸೊನ್ನೆಗಳನ್ನು ಅಳಿಸಿ: ಕಾಲ್ಕಿನ್‌ನ ಕೆ-ಒಂದು ಪೂರ್ಣಾಂಕಗಳಿಗೆ ಸಮ ಎಂದು ತಾನಾಗಿ ಬರುತ್ತದೆ. ಆ ಸಮತ್ವವನ್ನು ಮಾಡಿಕೊಡುವ ನಕ್ಷೆ ಬೇರೇನೂ ಅಲ್ಲ, ನೀವು ಬಲ್ಲ ಫ್ರೆಡ್‌ಹೋಮ್ ಇಂಡೆಕ್ಸ್. ನನ್ನ ಮಟ್ಟಿಗೆ ಈ ವಿಷಯದ ರುಚಿ ಹತ್ತುವುದು ಇಲ್ಲಿಯೇ. ಇಲ್ಲಿಯವರೆಗೆ ಬಂಡಲ್‌ನ ಸುದ್ದಿಯೇ ಬಂದಿಲ್ಲ, ಗಮನಿಸಿದಿರಾ?

ನಿಜಕ್ಕೂ ಗಟ್ಟಿಯಾಗಿರಬೇಕಾದದ್ದು ಸ್ಪೆಕ್ಟ್ರಮ್ ಮತ್ತು ಕಂಟಿನ್ಯುಯಸ್ ಫಂಕ್ಷನಲ್ ಕ್ಯಾಲ್ಕ್ಯುಲಸ್ (ಸ್ಪೆಕ್ಟ್ರಮ್ ಮೇಲಿನ ಫಂಕ್ಷನ್ನನ್ನು ಆಪರೇಟರ್‌ಗೇ ಹಚ್ಚುವ ವಿಧಾನ). ಹಾನ್-ಬನಾಖ್ ದಾಟಿದ ಮೇಲೆ ಪರೀಕ್ಷೆಗಾಗಿ ಓಡಿಸಿಬಿಡುವ ಭಾಗ ಅದು. ಸ್ಪೆಕ್ಟ್ರಮ್ ಎಲ್ಲ ಸೊನ್ನೆಯ ಹತ್ತಿರ ಅಥವಾ ಒಂದರ ಹತ್ತಿರವೇ ಇರುವ ಸೆಲ್ಫ್-ಅಡ್‌ಜಾಯಿಂಟ್ ಅಂಶವನ್ನು, ಚಿಲ್ಲರೆ ಇಲ್ಲದ ಅಂಗಡಿಯವನು ಬಿಲ್ಲನ್ನು ಸರಿಗೊಳಿಸುವಂತೆ, ಅಚ್ಚುಕಟ್ಟು ಪ್ರೊಜೆಕ್ಷನ್ನಾಗಿ ಮಾಡುವುದು ಈ ಕ್ಯಾಲ್ಕ್ಯುಲಸ್ಸೇ. ಪುಸ್ತಕ ಒಂದೇ ಸಾಕು: ರೋರ್ಡಮ್, ಲಾರ್ಸೆನ್, ಲೌಸ್ಟ್‌ಸೆನ್ ಬರೆದು 2000ದಲ್ಲಿ ಕೇಂಬ್ರಿಜ್ ಪ್ರಕಟಿಸಿದ ಪರಿಚಯ. ಬಾಟ್ ಆವರ್ತತೆಯ (ಕೆ-ಗ್ರೂಪ್‌ಗಳು ಎರಡೆರಡು ಹೆಜ್ಜೆಗೆ ಮರುಕಳಿಸುತ್ತವೆ ಎಂಬ ಪ್ರಮೇಯದ) ಸಾಧನೆಯನ್ನು ಮೊದಲ ಓದಿನಲ್ಲಿ ಧೈರ್ಯವಾಗಿ ಬಿಡಿ, ಫಲಿತಾಂಶ ಬಳಸಿ. ಮೇಲೆ ಹೇಳಿದ ಶಿಫ್ಟ್‌ನಿಂದಲೇ ಜರ್ಮನ್ ಗಣಿತಜ್ಞ ಕುಂಟ್ಸ್ ಅದನ್ನು ಸಾಧಿಸಿದ್ದಾರೆ. ಅದನ್ನು ಎರಡನೆಯ ಸುತ್ತಿಗೆ ಇಟ್ಟುಕೊಳ್ಳಿ.

ಬಂಡಲ್‌ಗಳು ಬೇಕಾಗುವುದು ಕಮ್ಯುಟೇಟಿವ್ ಉದಾಹರಣೆಗಳಿಗೆ. 1962ರ ಸ್ವಾನ್ ಪ್ರಮೇಯದ ಪ್ರಕಾರ, ಕಾಂಪ್ಯಾಕ್ಟ್ ಸ್ಪೇಸ್ ಮೇಲಿನ ವೆಕ್ಟರ್ ಬಂಡಲ್ ಎಂದರೆ ಬಿಂದುವಿನಿಂದ ಬಿಂದುವಿಗೆ ಬದಲಾಗುವ ಪ್ರೊಜೆಕ್ಷನ್ ಮ್ಯಾಟ್ರಿಕ್ಸ್. ನೀವು ಹಿಂದಿನ ಬಾಗಿಲಿನಿಂದ ಟೋಪಾಲಜಿಯ ಮನೆ ಹೊಕ್ಕಂತೆ.

ಈ ವಾರಕ್ಕೊಂದು ಲೆಕ್ಕ. ಕುಂಟ್ಸ್ ಹೆಸರಿನ ಆಲ್ಜೀಬ್ರಾಗಳಲ್ಲಿ ಒಂದನ್ನು ಕಟ್ಟುವುದು ಮೂರು ಐಸೊಮೆಟ್ರಿಗಳು. ಅವುಗಳ ರೇಂಜ್ ಪ್ರೊಜೆಕ್ಷನ್‌ಗಳ ಮೊತ್ತ ಯುನಿಟ್. ಆ ಮೂರರಲ್ಲಿ ಪ್ರತಿಯೊಂದು ಪ್ರೊಜೆಕ್ಷನ್ನೂ, ಮೇಲೆ ಹೇಳಿದ ಅರ್ಥದಲ್ಲಿ, ಯುನಿಟ್ಟಿಗೇ ಸಮ. ಹಾಗಾದರೆ ಕೆ-ಸೊನ್ನೆಯಲ್ಲಿ ಯುನಿಟ್‌ನ ಎರಡು ಪಟ್ಟು ಎಷ್ಟು? ಎರಡು ಸಾಲಿನಲ್ಲಿ ಉತ್ತರ ಬರುತ್ತದೆ. ಆ ಗ್ರೂಪಿನಲ್ಲಿ ಎರಡೇ ಅಂಶಗಳಿವೆ ಎಂಬುದಕ್ಕೆ ಮಾತ್ರ 1981ರ ಕುಂಟ್ಸ್ ಲೇಖನದವರೆಗೆ ಹೋಗಬೇಕು.