ದೂರದ ಹಗೆ ದುಬಾರಿ

ತಪ್ಪು ನನ್ನದೇ. ಜನವರಿಯಲ್ಲಿ ರೋಬಸ್ಟಾ ಕುಯ್ಲು ನಡೆಯುವಾಗ ಕೆಲಸದವರು ಊಟಕ್ಕೆ ಕೂರಲು ನೆರಳಿರಲಿ ಎಂದು, ಜೀಪ್ ದಾರಿಯ ಈಚೆಗಿದ್ದ ಹಲಸಿನ ಮರದಿಂದ ಆಚೆಯ ಹಾಲುವಾಣಕ್ಕೆ ನೈಲಾನ್ ಹಗ್ಗ ಎಳೆದು, ಅದರ ಮೇಲೆ ನೀಲಿ ಟಾರ್ಪಾಲು ಇಳಿಬಿಟ್ಟಿದ್ದೆ. ಎರಡೂ ಮರದಲ್ಲಿ ಚಗಳಿ ಇರುವೆಯ ಗೂಡುಗಳಿದ್ದವು. ಮೂಡಿಗೆರೆ ಕಡೆಯ ತೋಟಗಳಲ್ಲಿ ಅದೇನೂ ವಿಶೇಷವಲ್ಲ. ಕಾಫಿ ಕುಯ್ಯುವವರ ಕುತ್ತಿಗೆಯೊಳಗೆ ಇಳಿದು ಬೈಗುಳ ತಿನ್ನುವ ಕೆಂಜಿಗ ಅಂದರೂ ಇದೇ. ಆದರೆ ಎರಡು ಮರಗಳೂ ಎರಡು ಬೇರೆ ಸಂಸ್ಥಾನಗಳು, ನಡುವಿನ ಜೀಪ್ ದಾರಿ ಯಾರೂ ಕಾಲಿಡದ ಗಡಿ ಎಂಬುದು ನನಗೆ ಹೊಳೆದಿರಲಿಲ್ಲ. ಹಗ್ಗ ಕಟ್ಟಿ ನಾನೇ ಸೇತುವೆ ಹಾಕಿಕೊಟ್ಟಿದ್ದೆ.

ಮರುದಿನ ಬೆಳಿಗ್ಗೆ ಹೋದರೆ ಹಗ್ಗದ ಮೇಲೆ ಕೆಂಪು ಮುದ್ದೆಗಳು ಜೋತುಬಿದ್ದಿದ್ದವು. ಹತ್ತಿರ ಹೋಗಿ ಕನ್ನಡಕ ಏರಿಸಿ ನೋಡಿದೆ. ಒಂದು ಚಗಳಿಯ ಆರೂ ಕಾಲುಗಳನ್ನು ಆರು ಚಗಳಿಗಳು ಕಚ್ಚಿ, ಬಿಸಿಲಿಗೆ ಚರ್ಮ ಬಿಗಿದಂತೆ ಆರು ದಿಕ್ಕಿಗೆ ಎಳೆದು ಹಿಡಿದಿವೆ. ಏಳನೆಯದು ಸಾವಧಾನವಾಗಿ ಬಂದು ಸೊಂಟದ ಹತ್ತಿರ ಕಚ್ಚಿ, ಹೊಟ್ಟೆಯ ತುದಿಯನ್ನು ಮುಂದಕ್ಕೆ ಬಾಗಿಸಿ ಗಾಯಕ್ಕೆ ಆಮ್ಲ ಚಿಮ್ಮಿಸಿತು. ಟಾರ್ಪಾಲಿನ ಮಡಿಕೆಯಲ್ಲಿ ಹುಣಸೆ ಹುಳಿ ಕೊಳೆತಂಥ ವಾಸನೆ. ಕಡಿದುಬಿದ್ದ ತಲೆಗಳು ಇನ್ನೂ ಯಾರದೋ ಕಾಲನ್ನು ಬಿಟ್ಟಿರಲಿಲ್ಲ. ಇಷ್ಟೆಲ್ಲ ನಡೆಯುತ್ತಿದ್ದರೂ ಸದ್ದು ಮಾತ್ರ ಇಲ್ಲವೇ ಇಲ್ಲ.

ಅನ್ಯಗ್ರಹದ ಯುದ್ಧಕೋರ ಜೀವಿ ಎಂದಾಗ ನಮ್ಮ ಕಲ್ಪನೆ ಬರೆದುಕೊಡುವ ಚಿತ್ರದಲ್ಲಿ ಈ ನಿಶ್ಶಬ್ದ ಇರುವುದಿಲ್ಲ. ಅಲ್ಲಿ ಆರಡಿಗೂ ಮೀರಿದ ಆಳು, ಹಣೆಯ ಮೇಲೆ ಮೂಳೆಯ ಏಣು, ಗರ್ಜನೆ, ಮಾತೆತ್ತಿದರೆ ಮಾನ-ಮರ್ಯಾದೆಯ ಪ್ರಶ್ನೆ. ಸರಿಯಾಗಿ ನೋಡಿದರೆ ಅದು ನಮ್ಮೂರ ಕೆರೆ ಏರಿಯ ಮೇಲಿನ ವೀರಗಲ್ಲಿನ ಯೋಧನೇ, ಎರಡು ಕೊಂಬು ಹೆಚ್ಚಿಗೆ ಅಷ್ಟೆ. ನಿಜವಾಗಿ ಹೋರಾಟಕ್ಕಾಗಿಯೇ ವಿಕಾಸಗೊಂಡ ಜೀವಿ ಹೇಗಿರಬಹುದು ಎಂದು ತಿಳಿಯಬೇಕಾದರೆ ಹಗ್ಗದ ಮೇಲಿನದನ್ನು ನೋಡುವುದು ಮೇಲು.

ಮೊದಲನೆಯದಾಗಿ, ಅಲ್ಲಿ ಸಿಟ್ಟೇ ಬೇಕಿಲ್ಲ. ಬೇಕಾದದ್ದು ಅಗ್ಗದ ಜೀವ. ಚಗಳಿಯ ಕೆಲಸಗಾರರೆಲ್ಲ ಹೆಣ್ಣು. ರಾಣಿಯಿದ್ದಷ್ಟು ದಿನ ಅವಕ್ಕೆ ತಮ್ಮದೇ ಆದ ಸಂತಾನವಿಲ್ಲ, ಅವುಗಳ ವಂಶ ಮುಂದುವರಿಯುವುದು ರಾಣಿಯ ಮೂಲಕ. ಒಂದು ದೊಡ್ಡ ಸಂಸಾರ ಹತ್ತಾರು ಮರಗಳಿಗೆ ಹಬ್ಬಿ, ನೂರಾರು ಗೂಡು ಕಟ್ಟಿ, ಲಕ್ಷಗಟ್ಟಲೆ ಬೆಳೆಯಬಹುದು. ಅಂಥಲ್ಲಿ ಒಂದು ಚಗಳಿ ಸಾಯುವುದು ಎಂದರೆ ನಮ್ಮ ಚರ್ಮದ ಒಂದು ಪದರ ಉದುರಿದಂತೆ. ಸಾಯಲು ಮುಂದೆ ಹೋಗುವವರು ಯಾರು ಎಂಬುದು ಇನ್ನೂ ಸ್ವಾರಸ್ಯ. ಸೀಮೆಯ ಅಂಚಿನಲ್ಲಿ ಕಾವಲು ಗೂಡುಗಳಿರುತ್ತವೆ, ಅವುಗಳಲ್ಲಿ ಮರಿಗಳಿರುವುದಿಲ್ಲ, ವಯಸ್ಸಾದ ಕೆಲಸಗಾರರು ಮಾತ್ರ ಎಂದು ಇರುವೆ ತಜ್ಞ ಬರ್ಟ್ ಹೋಲ್ಡೋಬ್ಲರ್ 1983ರಲ್ಲಿ ತೋರಿಸಿದರು. ನಾವು ಮೀಸೆ ಚಿಗುರಿದ ಹುಡುಗರನ್ನು ಗಡಿಗೆ ಕಳಿಸುತ್ತೇವೆ; ಚಗಳಿ ಅಜ್ಜಿಯರನ್ನು ಕಳಿಸುತ್ತದೆ. ಲೆಕ್ಕದ ಪ್ರಕಾರ ಅದೇ ಸರಿ. ಮರಿ ಸಾಕುವ ಕಾಲ ಮುಗಿದವರು ಸತ್ತರೆ ಗೂಡಿಗೆ ನಷ್ಟ ಕಮ್ಮಿ.

ಎರಡನೆಯದು ಭಾಷೆ. ಚಗಳಿಯ ಆಫ್ರಿಕದ ಸೋದರ ಪ್ರಭೇದದಲ್ಲಿ ದವಡೆಯ ಗ್ರಂಥಿಯಿಂದ ಹೊರಡುವ ವಾಸನೆ ಒಂದೇ ವಸ್ತುವಲ್ಲ, ಹಲವು ರಾಸಾಯನಿಕಗಳ ಮಿಶ್ರಣ ಎಂದು 1975ರಲ್ಲೇ ಕಂಡುಕೊಂಡಿದ್ದಾರೆ. ಹಗುರವಾದದ್ದು ಬೇಗ, ದೂರ ಹರಡಿ ‘ಎಚ್ಚರ’ ಎನ್ನುತ್ತದೆ. ಇನ್ನೊಂದು ‘ಇತ್ತ ಬಾ’ ಎಂದು ಕರೆಯುತ್ತದೆ. ಭಾರವಾದವು ಹನಿ ಬಿದ್ದಲ್ಲೇ ಉಳಿದು ‘ಕಚ್ಚು’ ಎನ್ನುತ್ತವೆ. ಗಾಳಿಯಲ್ಲಿ ಹರಡುವ ವೇಗದ ವ್ಯತ್ಯಾಸವೇ ವಾಕ್ಯದ ವ್ಯಾಕರಣ. ಸೇನಾಪತಿ ಇಲ್ಲ, ಆಜ್ಞೆಯೂ ಇಲ್ಲ.

ಇನ್ನು ತಂತ್ರಜ್ಞಾನ. ಎಲೆಗಳ ಅಂಚನ್ನು ಹತ್ತಿರಕ್ಕೆ ಎಳೆಯಲು ಒಂದರ ಸೊಂಟವನ್ನು ಒಂದು ಕಚ್ಚಿ ಸರಪಳಿಯಾಗುತ್ತವೆ. ಆಮೇಲೆ ಒಳಗಿನಿಂದ ಒಂದು ಮರಿಹುಳುವನ್ನು ಬಾಯಲ್ಲಿ ಹಿಡಿದು ತಂದು, ಈ ಎಲೆಯಿಂದ ಆ ಎಲೆಗೆ ಅದರ ಮೂತಿ ತಾಕಿಸುತ್ತ ರೇಷ್ಮೆ ಎಳೆ ಹೊರಡಿಸುತ್ತವೆ. ತೊಟ್ಟಿಲ ಕೂಸೇ ಲಾಳಿ. ಕಾಫಿ ಗಿಡದ ಎಳೆ ಚಿಗುರಿನ ಮೇಲಿನ ಶಲ್ಕ ಕೀಟಗಳನ್ನು ಹಸು ಕಾದ ಹಾಗೆ ಕಾದು, ಅವು ಸೂಸುವ ಸಿಹಿ ಕುಡಿಯುತ್ತವೆ. ತೋಟದವರಿಗೆ ಚಗಳಿಯ ಮೇಲಿರುವ ಸಿಟ್ಟಿನಲ್ಲಿ ಅರ್ಧ ಇದಕ್ಕೇ. ಮಿಕ್ಕ ಅರ್ಧ ಕಚ್ಚಿಸಿಕೊಂಡದ್ದಕ್ಕೆ. ಅಂತೂ ಮಗ್ಗವಿದೆ, ಕೊಟ್ಟಿಗೆಯಿದೆ, ಆಮ್ಲದ ಅಸ್ತ್ರವಿದೆ. ಬೆಂಕಿ ಮಾತ್ರ ಇಲ್ಲ. ಬೆಂಕಿಯಿಲ್ಲದೆ ಲೋಹವಿಲ್ಲ, ಲೋಹವಿಲ್ಲದೆ ರಾಕೆಟ್ಟಿಲ್ಲ. ಗುರುಗ್ರಹದ ಯೂರೋಪಾದಂಥ ಉಪಗ್ರಹಗಳ ಹಿಮದಡಿಯ ಕಡಲಲ್ಲಿ ಎಂಥ ಬುದ್ಧಿವಂತ ಕಾದಾಟಗಾರರಿದ್ದರೂ ಇದೇ ಪಾಡು: ನೀರಿನೊಳಗೆ ಕುಲುಮೆ ಊದುವುದು ಹೇಗೆ?

ಹಾಗಾದರೆ ದೊಡ್ಡ ಚಗಳಿ? ಅದೂ ಆಗದು. ಒಂದು ಸೆಂಟಿಮೀಟರಿನ ಚಗಳಿಯನ್ನು ನೂರು ಪಟ್ಟು ಹಿಗ್ಗಿಸಿ ಒಂದು ಮೀಟರ್ ಮಾಡಿದಿರಿ ಅನ್ನಿ. ಕಾಲಿನ ಅಡ್ಡಕೊಯ್ತ 10,000 ಪಟ್ಟು ಹೆಚ್ಚುತ್ತದೆ, ಆದರೆ ತೂಕ 10 ಲಕ್ಷ ಪಟ್ಟು. ಕಾಲಿನ ಒಂದೊಂದು ಎಳೆಯೂ ಮೊದಲಿಗಿಂತ ನೂರು ಪಟ್ಟು ಭಾರ ಹೊರಬೇಕು, ಮುರಿದು ಬೀಳುತ್ತದೆ. ಮೈಯ ಸಣ್ಣ ಕೊಳವೆಗಳಲ್ಲಿ ಗಾಳಿ ಹರಿದು ಒಳಗೆ ತಲುಪುವ ಹೊತ್ತಿಗೆ ಉಸಿರೂ ಹೋಗಿರುತ್ತದೆ. ಅನ್ಯಗ್ರಹದ ಯೋಧ ದೊಡ್ಡವನಾಗಿದ್ದರೆ ಅವನಿಗೆ ಒಳಗೆ ಎಲುಬಿರಬೇಕು, ಸರಿಯಾದ ಶ್ವಾಸಕೋಶದಂಥದ್ದೇನಾದರೂ ಇರಬೇಕು, ಬೆಳೆಯಲು ವರ್ಷಗಟ್ಟಲೆ ಬೇಕು. ಅಲ್ಲಿಗೆ ಅವನ ಜೀವ ಅಗ್ಗವಾಗಿ ಉಳಿಯುವುದಿಲ್ಲ.

ಯುದ್ಧದ ಲೆಕ್ಕಕ್ಕೆ ಬರೋಣ. ಹಗ್ಗದ ಬಳಿ ನಾನು ಎರಡು ಗಂಟೆ ಕಳೆದದ್ದು ಇದಕ್ಕಾಗಿಯೇ (ಮನೆಯಲ್ಲಿ ಬೇರೆ ಕಾರಣ ಹೇಳಿದ್ದೇನೆ). 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಎರಡು ಸೂತ್ರಗಳನ್ನು ಮುಂದಿಟ್ಟರು. ಬಯಲಲ್ಲಿ ಎಲ್ಲರೂ ಎಲ್ಲರ ಮೇಲೆ ಬೀಳುವಂತಿದ್ದರೆ ಸೈನ್ಯದ ಬಲ ಸಂಖ್ಯೆಯ ವರ್ಗಕ್ಕೆ ಸಮ. ಸಮಾನ ಬಲದ 10 ಮಂದಿ 5 ಮಂದಿಯ ಮೇಲೆ ಬಿದ್ದರೆ, 100ರಲ್ಲಿ 25 ಕಳೆದು 75; ಅದರ ವರ್ಗಮೂಲ ಹತ್ತಿರ ಹತ್ತಿರ 9. ಐವರೂ ಸಾಯುವಾಗ ಹತ್ತರಲ್ಲಿ ಸಾಯುವುದು ಒಂದೋ ಎರಡೋ. ಅದೇ ಇಕ್ಕಟ್ಟಿನ ದಾರಿಯಲ್ಲಿ ಒಬ್ಬರಿಗೊಬ್ಬರು ಎದುರಾಗುವುದಾದರೆ ಬರೀ ವ್ಯವಕಲನ: 10ರಲ್ಲಿ 5 ಹೋಗಿ 5. ಬಯಲಿನಲ್ಲಿ ಸಂಖ್ಯೆ ಗೆಲ್ಲುತ್ತದೆ, ಇಕ್ಕಟ್ಟಿನಲ್ಲಿ ಒಬ್ಬೊಬ್ಬನ ತಾಕತ್ತು ಲೆಕ್ಕಕ್ಕೆ ಬರುತ್ತದೆ. ಈ ಸೂತ್ರಗಳನ್ನು 1993ರಲ್ಲಿ ನೈಜೆಲ್ ಫ್ರಾಂಕ್ಸ್ ಮತ್ತು ಲೂಕಸ್ ಪಾರ್ಟ್ರಿಜ್ ಇರುವೆಗಳಿಗೆ ಅನ್ವಯಿಸಿದರು. ಎಲ್ಲ ಜಾತಿಯಲ್ಲೂ ಹೊಂದುತ್ತದೆಯೇ ಎಂಬ ತಕರಾರು ಮುಗಿದಿಲ್ಲ. ನನ್ನ ಕಣ್ಣಿಗಂತೂ ಎರಡೂ ಒಟ್ಟಿಗೇ ಕಂಡವು. ಬರಿಯ ಹಗ್ಗದ ತುಂಡಿನಲ್ಲಿ ಇಬ್ಬರೂ ಸಮಸಮ, ಗೆರೆ ಗೇಣೂ ಸರಿಯದು. ಟಾರ್ಪಾಲಿನ ಅಗಲದಲ್ಲಿ ಮಾತ್ರ ಹಲಸಿನ ಕಡೆಯವರದೇ ಮೇಲುಗೈ. ಒಂದಕ್ಕೆ ಆರು ಸಿಕ್ಕುತ್ತಿದ್ದದ್ದು ಅಲ್ಲೇ.

ಸಕಲೇಶಪುರದ ಮಂಜರಾಬಾದ್ ಕೋಟೆ ಹತ್ತಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. 1792ರಲ್ಲಿ ಟಿಪ್ಪು ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದಂಥ ಕೋಟೆ. ಒಂದು ಮೂಲೆಯ ಬುಡಕ್ಕೆ ಬಂದವನ ಮೇಲೆ ಅಕ್ಕಪಕ್ಕದ ಮೂಲೆಗಳಿಂದಲೂ ಗುಂಡು ಬೀಳುತ್ತದೆ. ಒಳಗೆ ನುಗ್ಗಲು ಮಾತ್ರ ಬಾಗಿಲಿನ ಇಕ್ಕಟ್ಟು. ಒಳಗಿನವನಿಗೆ ವರ್ಗದ ಸೂತ್ರ, ಹೊರಗಿನವನಿಗೆ ವ್ಯವಕಲನ.

ಈಗ ನನ್ನ ಮುಖ್ಯ ವಾದ. ಬಹಳಷ್ಟು ಪ್ರಾಣಿಗಳು ಪಕ್ಕದ ಸೀಮೆಯವರನ್ನು ಹೇಗೋ ಸಹಿಸಿಕೊಂಡು ಅಪರಿಚಿತರ ಮೇಲೆ ಎರಗುತ್ತವೆ. ಚಗಳಿಯದು ಉಲ್ಟಾ. ದೂರದ ಗೂಡಿನಿಂದ ತಂದುಬಿಟ್ಟವರಿಗಿಂತ ಪಕ್ಕದ ಗೂಡಿನವರ ಮೇಲೆಯೇ ಅವು ಹೆಚ್ಚು ಉಗ್ರವಾಗಿ ಬೀಳುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಗುರುತಿನ ವಾಸನೆ, ಹಳೆಯ ಹಗೆ. ಇದಕ್ಕೆ ಕನ್ನಡದಲ್ಲಿ ಬೇರೆ ಪದ ಹುಡುಕುವುದೇ ಬೇಡ, ದಾಯಾದಿ ಮತ್ಸರ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಭಾರತ ಯುದ್ಧ ಕೆತ್ತಿದ್ದಾರಲ್ಲ, ಅದೂ ಅಣ್ಣತಮ್ಮಂದಿರ ಆಸ್ತಿ ಜಗಳವೇ.

ನಮ್ಮ ಬರಹದ ಚರಿತ್ರೆಯೂ ಅಲ್ಲಿಂದಲೇ ಹೊರಡುತ್ತದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಕ್ರಿ.ಶ. 450ರ ಸುಮಾರಿನದೆಂದು ಹೇಳುವ, ಕನ್ನಡದ ಅತಿ ಹಳೆಯ ಶಾಸನವೆಂದು ನಾವೆಲ್ಲ ಶಾಲೆಯಲ್ಲಿ ಓದಿದ ಹದಿನಾರು ಸಾಲುಗಳಲ್ಲಿ ಇರುವುದೇನು? ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಎರಡು ಊರುಗಳನ್ನು ‘ಬಾಳ್ಗಳ್ಚು’ ಆಗಿ ಕೊಟ್ಟ ಸಂಗತಿ. ಬಾಳ್ ಎಂದರೆ ಕತ್ತಿ. ನೆತ್ತರು ಮೆತ್ತಿದ ಕತ್ತಿ ತೊಳೆದದ್ದಕ್ಕೆ ಉಡುಗೊರೆ. ಬೇರೆ ನಕ್ಷತ್ರದಿಂದ ಯಾರಾದರೂ ಬಂದು ಕನ್ನಡ ಕಲಿಯಲು ಇದನ್ನೇ ಮೊದಲ ಪಾಠ ಮಾಡಿಕೊಂಡರೆ, ಯುದ್ಧಕೋರ ಜೀವಿ ಎಂದು ಅವರು ಯಾರ ಹೆಸರು ಬರೆದುಕೊಳ್ಳುತ್ತಾರೋ! ಆದರೆ ವಿಜ ಅರಸ ಕಾದಿದ್ದೂ ಕುದುರೆ ಓಡುವಷ್ಟು ದೂರದವರ ಜೊತೆ. ಯುದ್ಧ ಹುಟ್ಟುವುದು ಬೇಲಿಯಲ್ಲಿ. ಒಂದೇ ನೀರು, ಒಂದೇ ಹುಲ್ಲು, ಒಂದೇ ಮರ ಇಬ್ಬರಿಗೂ ಬೇಕಾದಾಗ.

ನಕ್ಷತ್ರಗಳ ನಡುವೆ ಬೇಲಿಯೆಲ್ಲಿದೆ? ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಲ್ಲಿ ಇನ್ಸಾಟ್-1ಎ ಹಾರಿದಾಗಿನಿಂದ ನಮ್ಮ ಭೂಸ್ಥಿರ ಉಪಗ್ರಹಗಳ ಲಗಾಮು ಇರುವುದು ಅಲ್ಲಿನ ಬಿಳಿ ತಟ್ಟೆಗಳಲ್ಲಿ. ಅಲ್ಲಿಂದ ಹೊರಟ ಆಜ್ಞೆ 36,000 ಕಿಲೋಮೀಟರ್ ಮೇಲಿನ ಉಪಗ್ರಹ ತಲುಪಲು ಸೆಕೆಂಡಿನ ಎಂಟನೇ ಒಂದು ಭಾಗ ಸಾಕು. ಸೂರ್ಯನ ನಂತರದ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾಕ್ಕೆ ಅದೇ ಆಜ್ಞೆ ಹೋಗಲು 4 ವರ್ಷ 3 ತಿಂಗಳು ಬೇಕು, ‘ಆಯಿತು’ ಎಂಬ ಉತ್ತರ ಬರಲು ಮತ್ತೆ ಅಷ್ಟೇ. ದಂಡಯಾತ್ರೆ ಹೊರಟ ಪಡೆಗೆ ರಾಜ ಸತ್ತ ಸುದ್ದಿ ತಲುಪುವಾಗ ಹೊಸ ರಾಜನೂ ಮುದುಕನಾಗಿರಬಹುದು.

ಖರ್ಚು ನೋಡಿ. ಒಂದು ಟನ್, ಅಂದರೆ ಒಂದು ಸಣ್ಣ ಕಾರಿನಷ್ಟು ಭಾರವನ್ನು ಬೆಳಕಿನ ಹತ್ತನೇ ಒಂದು ವೇಗಕ್ಕೆ ಏರಿಸಬೇಕು. ಏನೂ ಪೋಲಾಗದಿದ್ದರೂ 12,500 ಕೋಟಿ ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬೇಕು. ನಮ್ಮ 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ಒಂದು ದಿನವೂ ನಿಲ್ಲದೆ ಪೂರ್ತಿ ಓಡಿದರೂ ಸುಮಾರು 14 ವರ್ಷ. ತಲುಪಿದ ಮೇಲೆ ನಿಲ್ಲಬೇಕಲ್ಲ, ಅದಕ್ಕೆ ಇನ್ನೊಮ್ಮೆ. ಒಂದು ಟನ್ನಿಗೆ ಇಷ್ಟಾದರೆ ಸೈನ್ಯ, ಅನ್ನ, ಆಯುಧ ಎಲ್ಲ ಸೇರಿ? ದಾರಿಯೋ 42 ವರ್ಷ. ಇಷ್ಟು ಮಾಡಿ ಬಂದವನಿಗೆ ಇಲ್ಲಿ ಏನು ಬೇಕು? ನೀರಾದರೆ ಸೌರವ್ಯೂಹದ ಅಂಚಿನ ಹಿಮಗಡ್ಡೆಗಳಲ್ಲಿ ಧಾರಾಳ. ಕಬ್ಬಿಣವಾದರೆ ಕ್ಷುದ್ರಗ್ರಹಗಳಲ್ಲೇ ಸಿಗುತ್ತದೆ. ಕುದುರೆಮುಖ ಅಗೆದು, ಸೆಕೆಂಡಿಗೆ 11.2 ಕಿಲೋಮೀಟರ್ ವೇಗದಲ್ಲಿ ಭೂಮಿಯಿಂದ ಎತ್ತಿಕೊಂಡು ಹೋಗುವವನು ಯೋಧನಲ್ಲ, ಪೆದ್ದ.

ಕೊನೆಗೆ ವಾಸನೆಯ ಸಮಸ್ಯೆ. ತನ್ನವರು ಯಾರು, ಹೊರಗಿನವರು ಯಾರು ಎಂಬುದರಲ್ಲಿ ಇಷ್ಟು ಕಟ್ಟುನಿಟ್ಟಾದ ಜೀವಿ ವಸಾಹತು ಕಟ್ಟಲಿಕ್ಕೇ ಹೆದರಬೇಕು. ಕಳಿಸಿದ ಪಡೆ ನೂರಾರು ತಲೆಮಾರು ಬೇರೆ ಗಾಳಿ ಕುಡಿದ ಮೇಲೆ ಮನೆಯ ವಾಸನೆ ಉಳಿಸಿಕೊಂಡಿರುವುದಿಲ್ಲ. ಅದೇ ಹೊಸ ದಾಯಾದಿ.

ಇದಕ್ಕೊಂದು ಅಪವಾದವಿದೆ, ನನ್ನ ನಿದ್ದೆ ಕೆಡಿಸಿದ್ದು ಚಗಳಿಯಲ್ಲ, ಅದು. ದಕ್ಷಿಣ ಅಮೆರಿಕದ ಅರ್ಜೆಂಟೀನ ಇರುವೆ. ತವರಿನಲ್ಲಿ ಗೂಡುಗೂಡುಗಳ ನಡುವೆ ಹೊಡೆದಾಟವಿದೆ. ಹಡಗುಗಳಲ್ಲಿ ಯುರೋಪಿಗೆ ಹೋದ ಬೆರಳೆಣಿಕೆಯ ಗುಂಪುಗಳ ಸಂತಾನ ಮಾತ್ರ ಪರಸ್ಪರ ಕಾದುವುದನ್ನು ಬಿಟ್ಟಿತು. ಇಟಲಿಯಿಂದ ಸ್ಪೇನಿನ ಅಟ್ಲಾಂಟಿಕ್ ದಂಡೆಯವರೆಗೆ ಸುಮಾರು 6,000 ಕಿಲೋಮೀಟರ್ ಉದ್ದಕ್ಕೂ ಅವುಗಳದು ಒಂದೇ ಮಹಾಸಂಸಾರ ಎಂದು 2002ರಲ್ಲಿ ಪ್ರಕಟವಾಯಿತು. ಒಂದು ತುದಿಯದನ್ನು ತಂದು ಇನ್ನೊಂದು ತುದಿಯಲ್ಲಿ ಬಿಟ್ಟರೂ ನೆಂಟರಂತೆ ಒಳಗೆ ಕರೆದುಕೊಳ್ಳುತ್ತವೆ. ಮನೆಜಗಳಕ್ಕೆ ಖರ್ಚಾಗುತ್ತಿದ್ದ ಆಳುಗಳೆಲ್ಲ ಈಗ ಆಹಾರ ತರಲು, ಮರಿ ಸಾಕಲು. ಎಣಿಕೆ ಉಕ್ಕಿತು, ಸ್ಥಳೀಯ ಇರುವೆಗಳು ಕಾಲ್ಕಿತ್ತವು. ನಕ್ಷತ್ರ ದಾಟಿ ಬರಬಲ್ಲವರು ಯಾರಾದರೂ ಇದ್ದರೆ ಹೀಗಿರುತ್ತಾರೆಂದು ನನ್ನ ಗುಮಾನಿ: ಗರ್ಜಿಸುವವರಲ್ಲ, ತಮ್ಮೊಳಗಿನ ಕದನ ಮುಗಿಸಿಕೊಂಡ ತಣ್ಣಗಿನ ಜನ. ಅವರಿಗೆ ನಮ್ಮ ಮೇಲೆ ಹಗೆಯೂ ಇರಬೇಕಾಗಿಲ್ಲ.

ಮಧ್ಯಾಹ್ನ ಕೆಲಸದವರು ಊಟಕ್ಕೆ ಬರುವ ಮೊದಲು ಹಾಲುವಾಣದ ಕಡೆಯ ಗಂಟು ಬಿಚ್ಚಿದೆ; ಕೈತುಂಬ ಕಚ್ಚಿಸಿಕೊಂಡೆ. ಹಗ್ಗ ಜೋತುಬಿದ್ದ ಕೂಡಲೇ ಎರಡೂ ಕಡೆಯವರು ಅಂಚಿನಲ್ಲಿ ನಿಂತು ಮೀಸೆ ಆಡಿಸುತ್ತ ಸ್ವಲ್ಪ ಹೊತ್ತು ಹುಡುಕಿದರು, ಆಮೇಲೆ ಒಬ್ಬೊಬ್ಬರೇ ತಿರುಗಿ ಹೋದರು. ಸಂಜೆಯ ಹೊತ್ತಿಗೆ ಗೆದ್ದ ಹಲಸಿನ ಮರದ ಅತಿ ದೊಡ್ಡ ಗೂಡನ್ನು ಇಬ್ಬರು ಹುಡುಗರು ದೋಟಿಯಿಂದ ಕೆಡವಿ, ಬೋಗುಣಿಗೆ ಕೊಡವಿ, ಲೈನ್ ಮನೆಗೆ ಒಯ್ದರು. ತೆಂಗಿನಕಾಯಿ, ಬೆಳ್ಳುಳ್ಳಿ, ಸೂಜಿಮೆಣಸು, ಉಪ್ಪು. ಹುಣಸೆ ಹಾಕುವುದಿಲ್ಲ, ಹುಳಿ ಅದರಲ್ಲೇ ಇರುತ್ತದೆ. ನನಗೂ ಒಂದು ಬಟ್ಟಲು ಕೊಟ್ಟು ಕಳಿಸಿದ್ದರು.