ಗ್ಯಾಪ್ ಇಲ್ಲದಿದ್ದರೆ ಹಳಿ ಬಿಸಿಲಿಗೆ ಸೊಟ್ಟಗಾಗಲ್ವಾ?

ಬೇಸಿಗೆ ಬಂತು ಅಂದರೆ ಈ ಪ್ರಶ್ನೆಯೂ ಬರುತ್ತದೆ. "ಹಳಿಗಳ ನಡುವೆ ಗ್ಯಾಪ್ ಬಿಡಬೇಕು ಅಂತ ಶಾಲೆಯಲ್ಲಿ ಓದಿದ್ವಿ. ಈಗ ಎಲ್ಲಾ ವೆಲ್ಡ್ ಮಾಡಿಬಿಟ್ಟಿದ್ದಾರಲ್ಲ, ಅಪಾಯ ಅಲ್ವಾ?"

ಓದಿದ್ದು ಸುಳ್ಳಲ್ಲ, ಹಳೇದು. 13 ಮೀಟರ್ ಹಳಿಗಳನ್ನು ಫಿಶ್‌ಪ್ಲೇಟ್ ಹಾಕಿ, ಅಂದರೆ ಎರಡು ತುದಿಗೂ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಬಿಗಿದು, ಜೋಡಿಸುತ್ತಿದ್ದ ಕಾಲದ ಪಾಠ ಅದು. ಬಿಸಿ 40 ಡಿಗ್ರಿ ಏರಿದರೆ ಅಂಥ ಒಂದು ಹಳಿ ಸುಮಾರು 6 ಮಿಲಿಮೀಟರ್ ಉದ್ದವಾಗುತ್ತದೆ, ಆ ಜಾಗ ಬಿಡುತ್ತಿದ್ದರು. ಟಕ್ ಟಕ್ ಸದ್ದು ಬರುತ್ತಿದ್ದದ್ದೂ ಅಲ್ಲಿಂದಲೇ.

ಇಲ್ಲಿಂದ ಜನ ಲೆಕ್ಕ ಮುಂದುವರಿಸುತ್ತಾರೆ. ಒಂದು ಕಿಲೋಮೀಟರ್ ಹಳಿ 46 ಸೆಂಟಿಮೀಟರ್ ಬೆಳೆಯಬೇಕು, ಹತ್ತು ಕಿಲೋಮೀಟರ್ ಅಂದರೆ ನಾಲ್ಕೂವರೆ ಮೀಟರ್, ಅಷ್ಟು ಹಳಿ ಎಲ್ಲಿಗೆ ಹೋಗಬೇಕು? ಲೆಕ್ಕ ಸರಿ, ಆದರೆ ಅದು ಹಿಡಿತವಿಲ್ಲದೆ ಸುಮ್ನೆ ಬಿದ್ದಿರುವ ಹಳಿಯ ಲೆಕ್ಕ. ರೈಲು ದಾರಿಯಲ್ಲಿ ಹಳಿಯನ್ನು ಕ್ಲಿಪ್ಪುಗಳು ಅದರ ಕೆಳಗೆ ಅಡ್ಡ ಹಾಕಿದ ಕಾಂಕ್ರೀಟ್ ತೊಲೆಗೆ, ಅಂದರೆ ಸ್ಲೀಪರಿಗೆ, ಅದುಮಿ ಹಿಡಿದಿರುತ್ತವೆ, ಸ್ಲೀಪರನ್ನು ಜಲ್ಲಿ ಹಿಡಿದಿರುತ್ತದೆ. ಉದ್ದವಾಗಲು ಬಿಡದಿದ್ದರೆ ಆ ಬಿಸಿ ಹಳಿಯೊಳಗೆ ಒತ್ತಡವಾಗಿ ಕೂರುತ್ತದೆ. ಮೀಟರಿಗೆ 60 ಕೆಜಿ ತೂಗುವ ಹಳಿಯಲ್ಲಿ ಡಿಗ್ರಿಗೆ ಹೆಚ್ಚುಕಡಿಮೆ 2 ಟನ್. ಎಷ್ಟು ಸಲ ಹೇಳಿದ್ದೇನೋ, ಮತ್ತೆ ಹೇಳುತ್ತೇನೆ: ಈ ಒತ್ತಡಕ್ಕೂ ಹಳಿಯ ಉದ್ದಕ್ಕೂ ಸಂಬಂಧವಿಲ್ಲ. ಒಂದು ಕಿಲೋಮೀಟರ್ ಇರಲಿ, ಹತ್ತಿರಲಿ, ಅಷ್ಟೇ. ಕದಲುವುದು ಎರಡು ತುದಿಗಳ ಸ್ವಲ್ಪ ಭಾಗ ಮಾತ್ರ, ಅಲ್ಲಿ ಜಾರುವ ಜೋಡಣೆ ಇಟ್ಟಿರುತ್ತಾರೆ. ಜೊತೆಗೆ, ಹಳಿಯನ್ನು ಬಿಗಿಯುವುದೇ ವರ್ಷದ ಸರಾಸರಿಗಿಂತ ತುಸು ಜಾಸ್ತಿ ಬಿಸಿಗೆ ಹೊಂದಿಸಿ, ಹಾಗಾಗಿ ಬೇಸಿಗೆಯ ಒತ್ತಡ ಅಷ್ಟು ಕಡಿಮೆಯಾಗುತ್ತದೆ.

ಹಳಿ ಸೊಟ್ಟಗಾಗೋದೇ ಇಲ್ಲ ಅಂತಲ್ಲ. ಜಲ್ಲಿ ಸಾಲದೆ ಹೋದರೆ, ಹೊತ್ತಲ್ಲದ ಹೊತ್ತಲ್ಲಿ ಜಲ್ಲಿ ಕೆದಕಿದರೆ ಆಗುತ್ತದೆ. ತಪ್ಪು ಹಿಡಿತದ್ದು, ಗ್ಯಾಪಿನದ್ದಲ್ಲ.

ಯಾರೂ ಕೇಳದ ಇನ್ನೊಂದು ಮಾತಿದೆ. ಇಷ್ಟು ಹಳೆಯ ವಿಜ್ಞಾನ ದೇಶದ ಹಳಿಗಳಿಗೆಲ್ಲ ತಲುಪಲು ದಶಕಗಳೇ ಯಾಕೆ ಹಿಡಿದವು? ಯಾಕೆಂದರೆ ಬರೀ ವೆಲ್ಡಿಂಗ್ ಸಾಲದು. ಮರದ ಸ್ಲೀಪರಿಗೆ ಹೊಡೆದ ಮೊಳೆ ಅಂಥ ಒತ್ತಡ ತಡೆಯುವುದಿಲ್ಲ. ಕಾಂಕ್ರೀಟ್ ಸ್ಲೀಪರ್ ಬೇಕು, ಸ್ಪ್ರಿಂಗಿನಂಥ ಕ್ಲಿಪ್ ಬೇಕು, ದಪ್ಪ ಜಲ್ಲಿ ಬೇಕು, ಅದನ್ನು ಗಿಡಿಯುವ ಯಂತ್ರವೂ ಬೇಕು. ಲಖನೌದಲ್ಲಿ 1957ರಿಂದ ಇರುವ ರೈಲ್ವೆ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಇಂಥವುಗಳ ನಕ್ಷೆ, ಅಳತೆ, ಗುಣಮಟ್ಟ ಗೊತ್ತುಮಾಡುತ್ತದೆ. ಆದರೆ ಆ ಕಾಗದ ಕೊನೆಗೆ ಬಂದು ನಿಲ್ಲುವುದು ಗ್ಯಾಂಗ್‌ಮನ್ ಕೈಯಲ್ಲಿ. ಹಳಿ ಮೇಲೆ ಥರ್ಮಾಮೀಟರ್ ಇಟ್ಟು ನೋಡುತ್ತಾರೆ. ಹಳಿಯನ್ನು ಯಾವ ಬಿಸಿಗೆ ಹೊಂದಿಸಿ ಬಿಗಿದಿದ್ದರೋ ಅದಕ್ಕಿಂತ 10 ಡಿಗ್ರಿ ದಾಟಿದ್ದರೆ ಜಲ್ಲಿ ಬಿಚ್ಚುವ ಕೆಲಸ ಅಲ್ಲಿಗೇ ನಿಲ್ಲಬೇಕು. ಏಪ್ರಿಲ್ ಮಧ್ಯಾಹ್ನ ಕಿಟಕಿಯಿಂದ ನೋಡಿದಾಗ ಅವರು ಸಲಿಕೆ ಬದಿಗಿಟ್ಟು ಹೊಂಗೆ ಮರದ ಕೆಳಗೆ ಕೂತಿದ್ದರೆ, ದಯವಿಟ್ಟು ಸೋಮಾರಿಗಳು ಅನ್ನಬೇಡಿ.